ಎಣ್ಣೆಗೆಂಪು

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ನಾನು ನಂಬುವವನಲ್ಲ. ನಂಬುವವರನ್ನು ಕಂಡರೆ ಕಾಲೆಳೆಯುವ ಚಾಳಿಯೂ ನನಗಿತ್ತು. ಫೋಟೋಗ್ರಾಫರುಗಳು ನಾಲ್ಕು ಜನ ಸೇರಿದರೆ, ಮದುವೆಮನೆಯ ಊಟದ ಸಾಲಿನಲ್ಲೋ ಲ್ಯಾಬಿನ ಬೆಂಚಿನ ಮೇಲೋ, ಯಾರಾದರೊಬ್ಬ ಒಂದು ಕತೆ ತೆಗೆಯುತ್ತಾನೆ. ಸತ್ತವರ ಫೋಟೋ ಕಣ್ಣು ಮಿಟುಕಿಸಿತಂತೆ, ಗ್ರೂಪ್ ಫೋಟೋದಲ್ಲಿ ಒಂದು ತಲೆ ಜಾಸ್ತಿ ಬಂತಂತೆ. ಅಂಥ ಫೋಟೋಗಳನ್ನು ನನ್ನ ಮುಂದೆ ಇಟ್ಟಾಗಲೆಲ್ಲ ಎರಡು ನಿಮಿಷದಲ್ಲಿ ಬಿಡಿಸಿ ಹೇಳಿದ್ದೇನೆ. ಇದು ಶಟರ್ ನಿಧಾನವಾಗಿದ್ದಕ್ಕೆ ಆದದ್ದು, ಇದು ಕಿಟಕಿ ಗಾಜಿನ ಪ್ರತಿಬಿಂಬ, ಇದು ಒಂದರ ಮೇಲೊಂದು ಎಕ್ಸ್‌ಪೋಸ್ ಆದದ್ದು. ದೆವ್ವವನ್ನು ಆರ್ಡರಿನ ಮೇಲೆ ಮಾಡಿಕೊಡುವವನು ನಾನು. ಮದುವೆಗೆ ಮುಂಚಿನ ಶೂಟಿಂಗಿನಲ್ಲಿ ಹುಡುಗಿಯ ಮುಖದೊಳಗೇ ಹುಡುಗನನ್ನೂ ತೆಂಗಿನ ತೋಟವನ್ನೂ ತೋರಿಸಬೇಕು ಅಂದರೆ ಮತ್ತೇನು ಮಾಡುತ್ತಾರೆ?

ಹಾಗಾಗಿ ಮುಂದೆ ಬರೆಯುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಆದದ್ದನ್ನು ಆದ ಕ್ರಮದಲ್ಲಿ ಹೇಳುತ್ತೇನೆ. ಬಿಡಿಸಿ ಹೇಳಬಲ್ಲವರು ನಿಮ್ಮಲ್ಲಿ ಯಾರಾದರೂ ಇದ್ದರೆ ನನಗೆ ಉಪಕಾರವೇ ಆಗುತ್ತದೆ.

ನನ್ನ ಸ್ಟುಡಿಯೋ ಇರುವುದು ಗುಬ್ಬಿಯಲ್ಲಿ, ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ. ಇಪ್ಪತ್ತು ವರ್ಷದಿಂದ ಇದೇ ಕಸುಬು. ಮುಖಗಳ ಫೋಟೋ ತೆಗೆಯುವುದರಲ್ಲಿ ನನಗೆ ಸ್ವಲ್ಪ ಹೆಸರಿದೆ, ಅದರಲ್ಲೂ ಬಣ್ಣದಲ್ಲಿ. ಅರ್ಧ ಮುಖ ಕತ್ತಲಲ್ಲಿ ಬಿಟ್ಟು ಅರ್ಧ ಬೆಳಗಿಸುವುದು, ನೆರಳಿಗೆ ನವಿಲಿನ ನೀಲಿ ಹಾಕಿ ಮುಖಕ್ಕೆ ಸಂಜೆಯ ಚಿನ್ನ ಹಾಕುವುದು, ಹಳೆಯ ಫಿಲಮ್ಮಿನ ಥರ ಮಾಸಲು ಮಾಡುವುದು, ಎಲ್ಲ ಮಾಡುತ್ತೇನೆ. ಆದರೆ ಜನ ಹೆಚ್ಚಾಗಿ ಕೇಳಿಕೊಂಡು ಬರುವುದು ಒಂದೇ. "ಸ್ವಲ್ಪ ಕಲರ್ ಬರ್ಸಿ ಅಣ್ಣ" ಎನ್ನುತ್ತಾರೆ. ಕಲರ್ ಅಂದರೆ ಯಾವ ಕಲರ್ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಕಲರ್ ಅಂದರೆ ಬಿಳುಪು.

ಅದಕ್ಕೆ ನನ್ನದೇ ಒಂದು ಪಾಕವಿತ್ತು. ತೆಗೆಯುವಾಗಲೇ ಬೇಕೆಂದು ಬೆಳಕು ಜಾಸ್ತಿ ಬಿಡುವುದು, ಕೆನ್ನೆ ಹಣೆ ಎಲ್ಲ ಉರಿದುಹೋಗುವ ಅಂಚಿಗೆ ಬರುವ ತನಕ. ಆಮೇಲೆ ಕಂಪ್ಯೂಟರಿನಲ್ಲಿ ಕಿತ್ತಳೆ ಬಣ್ಣವೊಂದನ್ನೇ ಹಿಡಿದು ತಿಳಿಯಾಗಿಸುವುದು. ನಮ್ಮವರ ಚರ್ಮ ಕಪ್ಪಿರಲಿ ಬೆಳ್ಳಗಿರಲಿ, ಕಂಪ್ಯೂಟರಿನ ಕಣ್ಣಿಗೆ ಅದು ಕಿತ್ತಳೆಯೇ. ಕೊನೆಗೆ ಚರ್ಮದ ಮೇಲಿನ ಕಲೆ, ಗುಳಿ, ಗೆರೆ ಸವರಿ ನುಣ್ಣಗೆ ಮಾಡುವುದು. ಇಷ್ಟನ್ನೂ ಒಂದು ಗುಂಡಿಗೆ ಕಟ್ಟಿಟ್ಟುಕೊಂಡಿದ್ದೆ. ಒಂದು ಸಲ ಒತ್ತಿದರೆ ಸಾಕು, ಕೊತ್ತಗೆರೆಯಲ್ಲಿ ರಾಗಿ ಕೊಯ್ದು ಬಂದ ಹುಡುಗಿಯೂ ಹಾಲಿನ ಡೇರಿಯ ಜಾಹೀರಾತಿನಂತೆ ಕಾಣುತ್ತಿದ್ದಳು. ಕುಣಿಗಲ್ ಕಡೆಯಿಂದಲೂ ಹೆಣ್ಣು ಕೊಡುವವರು ಮಗಳನ್ನು ಕರೆದುಕೊಂಡು ನನ್ನಲ್ಲಿಗೆ ಬರುತ್ತಿದ್ದರು. ನಾನು ಬೀಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ನನ್ನ ತಂಗಿ ಗಿರಿಜ. ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು, ಹೋಗಿ ಬಹಳ ವರ್ಷವಾಯಿತು. ನಾನು ಮದುವೆಯಾಗಿ ಗುಬ್ಬಿಯಲ್ಲಿ ನಿಂತೆ, ಅಮ್ಮ ಮತ್ತು ಗಿರಿಜ ಕುಣಿಗಲ್ಲಿನಲ್ಲಿ ಇದ್ದರು. ಅವಳು ಕ್ಯಾತ್ಸಂದ್ರದಲ್ಲಿ ಹಾಸ್ಟೆಲಿನಲ್ಲಿದ್ದು ಓದಿ, ಅಮೃತೂರಿನ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದಳು. ದಿನಾ ಪ್ರೈವೇಟ್ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಅವಳ ಮೈಬಣ್ಣಕ್ಕೆ ಅಮ್ಮ ಎಣ್ಣೆಗೆಂಪು ಎನ್ನುತ್ತಿದ್ದಳು. ನಾನು ಚಿಕ್ಕಂದಿನಲ್ಲಿ ಬೇರೆ ಬೇರೆ ಹೆಸರು ಹೇಳಿ ರೇಗಿಸುತ್ತಿದ್ದೆ, ಅವನ್ನು ಇಲ್ಲಿ ಬರೆಯಲು ಮನಸ್ಸಿಲ್ಲ.

ಅವಳಿಗೆ ಇಪ್ಪತ್ತಾರು ತುಂಬಿದ್ದಾಗ ತುಮಕೂರಿನ ಒಂದು ಸಂಬಂಧ ಬಂತು. ಫೋಟೋ ಕಳಿಸಿ ಎಂದರು. ಅವಳನ್ನು ಗುಬ್ಬಿಗೆ ಕರೆಸಿ, ಹಸಿರು ಸೀರೆ ಉಡಿಸಿ, ಅಮ್ಮನ ಜುಮುಕಿ ಹಾಕಿಸಿ, ಸ್ಟೂಲಿನ ಮೇಲೆ ಕೂರಿಸಿದೆ.

"ನಾನು ಹೆಂಗಿದೀನೋ ಹಂಗೇ ತೆಗಿಯೋ" ಎಂದಳು.

"ಹಂಗೇ ತೆಗ್ಯೋಕೆ ಫೋಟೋಗ್ರಾಫರ್ ಯಾಕ್ ಬೇಕು? ಸುಮ್ನೆ ಕೂತ್ಕೊ" ಎಂದೆ ನಾನು.

ನನ್ನ ಪಾಕವನ್ನು ಅವಳ ಮೇಲೆ ಪೂರ್ತಿ ಸುರಿದೆ. ಬೇರೆಯವರಿಗಾದರೆ ಒಂದು ಪಾಲು ಹಾಕುವ ಕಡೆ ಅವಳಿಗೆ ಎರಡು ಪಾಲು, ಸ್ವಂತ ತಂಗಿಯಲ್ಲವೇ. ಹುಬ್ಬಿನ ಮೇಲೆ ಚಿಕ್ಕಂದಿನಲ್ಲಿ ರುಬ್ಬುಗುಂಡಿನ ಅಂಚಿಗೆ ಬಿದ್ದು ಆದ ಗಾಯದ ಗೆರೆಯಿತ್ತು, ಅದು ಹೋಯಿತು. ಗಲ್ಲದ ಮೇಲೆ ಸೀತಾಳೆ ಸಿಡುಬಿನ ಎರಡು ಗುಳಿ, ಅವೂ ಹೋದವು. ಆಗ ಮದುವೆಯ ಸೀಸನ್, ಡಿಸ್ಕಿನಲ್ಲಿ ಜಾಗವಿರಲಿಲ್ಲ. ಗಿರಾಕಿಗಳದಾದರೆ ಮೂಲ ಫೋಟೋವನ್ನು ಅವರು ಆಲ್ಬಂ ತೆಗೆದುಕೊಂಡು ಹೋಗುವ ತನಕ ಇಟ್ಟುಕೊಂಡಿರುತ್ತೇವೆ, ಆಮೇಲೆ ಅಳಿಸುತ್ತೇವೆ. ಇದು ಮನೆಯದು, ಯಾರು ಬಂದು ಕೇಳುತ್ತಾರೆ ಎಂದು ಅವತ್ತೇ ಅಳಿಸಿಬಿಟ್ಟೆ. ತಿದ್ದಿದ್ದು ಒಂದೇ ಉಳಿಯಿತು.

ಹುಡುಗನ ಕಡೆಯವರು ಕುಣಿಗಲ್ಲಿನ ಮನೆಗೆ ಬಂದರು. ಗಿರಿಜ ಕಾಫಿಯ ತಟ್ಟೆ ಹಿಡಿದು ಅವರ ಮುಂದೆಯೇ ನಿಂತಿದ್ದಳು. ಹುಡುಗನ ಅಜ್ಜಿ ಲೋಟ ತೆಗೆದುಕೊಂಡು, "ಹುಡ್ಗೀನ ಕರೀರಮ್ಮ, ನೋಡೋಣ" ಎಂದರು. ಅಮ್ಮ, "ಇವ್ಳೇ ಕಣಮ್ಮ" ಎಂದಳು. ಅಜ್ಜಿ ಕನ್ನಡಕ ಹಾಕಿಕೊಂಡು, ಚೀಲದಿಂದ ಫೋಟೋ ತೆಗೆದು, ಅದನ್ನೊಮ್ಮೆ ಇವಳನ್ನೊಮ್ಮೆ ನೋಡಿ, "ಅಲ್ಲ ಕಣಮ್ಮ, ಈ ಫೋಟೋದಲ್ಲಿರೋ ಹುಡ್ಗಿ" ಎಂದರು. ಆಕೆಯ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಒಳಗೆ ಇನ್ನೊಬ್ಬಳಿದ್ದಾಳೆ ಎಂದುಕೊಂಡಿದ್ದರು.

ಅವರು ಹೋದ ಮೇಲೆ ಗಿರಿಜ ಲೋಟ ತೊಳೆಯುತ್ತಿದ್ದಳು. ನಾನು ಹಿಂದೆ ಹೋಗಿ ನಿಂತೆ. "ಅವ್ರ್ದೇನೂ ತಪ್ಪಿಲ್ಲ ಬುಡು. ಆ ಫೋಟೋದಲ್ಲಿರೋಳು ನಾನಲ್ವಲ್ಲ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಅವಳು ಯಾವ ಸಂಬಂಧಕ್ಕೂ ಒಪ್ಪಲಿಲ್ಲ. ಅದಕ್ಕೆ ನನ್ನ ಫೋಟೋ ಒಂದೇ ಕಾರಣ ಎಂದು ಹೇಳಲಾರೆ, ಅವಳಿಗೆ ಅವಳದೇ ವಿಚಾರಗಳಿದ್ದವು. ಆದರೆ ಅವತ್ತಿನಿಂದ ಯಾವ ಕ್ಯಾಮೆರಾದ ಮುಂದೆಯೂ ಅವಳು ಕೂರಲಿಲ್ಲ. ಮೊಬೈಲ್ ಎತ್ತಿದರೂ ಸಾಕು, ನಗುತ್ತಲೇ ಕೈಯಲ್ಲಿದ್ದ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದಳು. ನಮ್ಮ ಮನೆಯ ಎಲ್ಲ ಶುಭಕಾರ್ಯದ ಆಲ್ಬಮ್ಮಿನಲ್ಲೂ ಅವಳು ಒಂದು ನೋಟ್ ಬುಕ್ಕೋ ಒಂದು ತಟ್ಟೆಯೋ ಆಗಿದ್ದಾಳೆ.

ಇದಾಗಿ ಒಂಬತ್ತು ವರ್ಷಕ್ಕೆ, ಅಂದರೆ ಈಗ್ಗೆ ಎರಡು ವರ್ಷದ ಹಿಂದೆ, ಗಿರಿಜ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದವಳು ತಲೆನೋವು ಎಂದು ಕುರ್ಚಿಯಲ್ಲಿ ಕೂತಳಂತೆ. ತುಮಕೂರಿನ ಆಸ್ಪತ್ರೆಗೆ ಸೇರಿಸಿದರು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು. ಮಾರನೆಯ ಬೆಳಿಗ್ಗೆ ಹೋಗಿಬಿಟ್ಟಳು.

ನನಗೆ ಅಳು ಬರಲಿಲ್ಲ. ಕಾಲು ಮಡಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಆ ಥರ ಒಳಗೆಲ್ಲ ಹಿಡಿದಿತ್ತು. ಮಣ್ಣು ಮಾಡಿ ಬಂದೆ, ಸ್ನಾನ ಮಾಡಿದೆ, ಒಂದು ನಾಮಕರಣದ ಪಾರ್ಟಿ ಫೋನ್ ಮಾಡಿ ಆಲ್ಬಂ ಯಾವಾಗ ಎಂದು ಕೇಳಿದ್ದಕ್ಕೆ ಶುಕ್ರವಾರ ಎಂದೆ. ಊಟಕ್ಕೆ ಬಾ ಎಂದರೆ ಹೋಗಿ ಉಂಡೆ. ನನ್ನ ಹೆಂಡತಿ ಶೋಭಾ ಹೆದರಿಕೊಂಡು ನನ್ನನ್ನೇ ನೋಡುತ್ತಿದ್ದಳು. ನನಗೆ ಏನೂ ಆಗಿಲ್ಲ ಎಂದು ಅವಳಿಗೆ ಹೇಳಿದೆ, ಅದು ನಿಜವೂ ಆಗಿತ್ತು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಫೋಟೋ ಬೇಕು. ನಮ್ಮಲ್ಲಿ ಅವತ್ತು ಫೋಟೋವನ್ನು ಮಣೆಯ ಮೇಲಿಟ್ಟು, ಹಾರ ಹಾಕಿ, ಅದರ ಮುಂದೆ ಹೋದವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಎಲೆಯ ಮೇಲೆ ಬಡಿಸಿ ಎಡೆ ಇಡುತ್ತಾರೆ. ಆಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಂದಕ್ಕೆಳೆದುಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಾರೆ, ಹೋದವರು ಬಂದು ಉಣ್ಣಲಿ ಎಂದು. ನಾನೂ ಶೋಭಾಳೂ ಗಿರಿಜಳ ಫೋಟೋಗೆ ಹುಡುಕಿದೆವು. ಅವಳ ಮೊಬೈಲಿನಲ್ಲಿ ನೂರಾರು ಫೋಟೋ, ಎಲ್ಲ ಅವಳು ತೆಗೆದ ಸ್ಕೂಲಿನ ಮಕ್ಕಳವು. ಗುರುತಿನ ಚೀಟಿಯಲ್ಲಿ ಇದ್ದದ್ದು ಒಂದು ಕಪ್ಪು ಮಸುಕು. ಸ್ಕೂಲಿನ ಗ್ರೂಪ್ ಫೋಟೋದಲ್ಲಿ ಡ್ರಿಲ್ ಮಾಸ್ತರ ಭುಜದ ಹಿಂದೆ ಅವಳ ಬೈತಲೆ ಕಂಡಿತು. ಕೊನೆಗೆ ಉಳಿದದ್ದು ನನ್ನ ಸ್ಟುಡಿಯೋದ ಆ ಒಂದು ಫೋಟೋ. ಅದನ್ನೇ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಆರನೆಯ ದಿನ ಕುಣಿಗಲ್ಲಿಗೆ ಒಯ್ದೆ.

ಅಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು.

"ಯಾರ್ಲಾ ಇವ್ಳು?" ಎಂದಳು.

"ಗಿರಿಜನೇ ಕಣಮ್ಮ."

"ಅಲ್ಲ. ಅವತ್ತು ಆ ಅಜ್ಜಿ ಕರೀರಿ ಅಂದ್ಲಲ್ಲ, ಅವ್ಳು ಇವ್ಳು. ಇವಳ ಮುಂದೆ ನಾನು ಎಡೆ ಇಡಲ್ಲ."

ನಾನು ಸಮಾಧಾನ ಹೇಳಲು ಹೋದೆ. ಅಮ್ಮ ಕೂಗಾಡಲಿಲ್ಲ. ಫೋಟೋವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಲೆಕ್ಕ ಒಪ್ಪಿಸುವವಳಂತೆ ನಿಧಾನವಾಗಿ ಹೇಳಿದಳು: "ಬಾಗ್ಲು ಮುಂದಕ್ಕೆಳ್ಕೊಂಡು ಎಲ್ಲಾ ಆಚೆ ನಿಂತ್ಕೋತೀವಿ. ಆವಾಗ ಅವ್ಳು ಬರ್ತಾಳೆ. ಬಂದು ನೋಡುದ್ರೆ ಅಲ್ಲಿ ಬೇರೆ ಯಾರೋ ಕೂತವ್ಳೆ. ಯಾರ್ದೋ ಎಡೆ ಅಂದ್ಕೊಂಡು ಹಸ್ಕೊಂಡೇ ಹೊಂಟೋಗ್ತಾಳೆ. ಅವ್ಳು ಮೊದ್ಲಿಂದ್ಲೂ ಹಂಗೇ, ತನ್ನದಲ್ದಿರೋದ್ನ ಮುಟ್ಟೋಳಲ್ಲ. ನಂಗೆ ನನ್ನ ಮಗಳು ಬೇಕು ಕಣೋ, ಇಲ್ಲಾಂದ್ರೆ ಖಾಲಿ ಮಣೆ ಇಡ್ತೀನಿ."

ಖಾಲಿ ಮಣೆ ಇಟ್ಟರೂ ಶಾಸ್ತ್ರ ನಡೆಯುತ್ತಿತ್ತೇನೋ. ಆದರೆ ಅಮ್ಮನ ಎದುರಿಗೆ ಖಾಲಿ ಮಣೆ ಇಡುವಂತೆ ಮಾಡಿದವನು ನಾನು ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಸರಿಮಾಡಿ ತರುತ್ತೇನೆ ಎಂದು ಹೇಳಿ ಗುಬ್ಬಿಗೆ ಬಂದೆ.

ಮೂರು ದಿನ ಸ್ಟುಡಿಯೋ ಬಾಗಿಲು ಹಾಕಿಕೊಂಡು ಕೂತೆ. ಕಸುಬು ಗೊತ್ತಿಲ್ಲದವರು, ಬಿಳುಪು ಮಾಡಿದವನಿಗೆ ಮತ್ತೆ ಕಪ್ಪು ಮಾಡುವುದು ಕಷ್ಟವೇ ಎಂದು ಕೇಳಬಹುದು. ಕಷ್ಟವಲ್ಲ, ಆಗುವುದೇ ಇಲ್ಲ. ಫೋಟೋದಲ್ಲಿ ಬೆಳಕು ಹೆಚ್ಚಾಗಿ ಉರಿದುಹೋದ ಜಾಗದಲ್ಲಿ ಏನೂ ಉಳಿದಿರುವುದಿಲ್ಲ. ಅದು ಖಾಲಿ ಕಾಗದ. ಅದನ್ನು ಕೆಳಗಿಳಿಸಿದರೆ ಮೈಬಣ್ಣ ಬರುವುದಿಲ್ಲ, ಬೂದಿ ಬರುತ್ತದೆ. ನಾನು ಎಕ್ಸ್‌ಪೋಷರ್ ಇಳಿಸಿದೆ, ಗಿರಿಜಳ ಮುಖ ಒದ್ದೆ ಸಿಮೆಂಟಿನಂತಾಯಿತು. ಮೇಲಿಂದ ಕಂದು ಬಳಿದೆ, ನಾಟಕದ ಬಣ್ಣ ಹಚ್ಚಿದ ಹಾಗಾಯಿತು. ನನ್ನ ತೋಳಿನದೇ ಫೋಟೋ ತೆಗೆದು ಅದರ ಬಣ್ಣವನ್ನು ಅವಳ ಕೆನ್ನೆಗೆ ತಂದೆ. ಅದು ಅವಳ ಮುಖಕ್ಕೆ ಕೂರಲಿಲ್ಲ, ಯಾರದೋ ಮುಖವಾಡದಂತೆ ಮೇಲೆಯೇ ನಿಂತಿತು.

ಇನ್ನೊಂದು ಸಂಗತಿ ಆಗ ಗೊತ್ತಾಯಿತು. ನನಗೆ ಅವಳ ಬಣ್ಣ ನೆನಪಿರಲಿಲ್ಲ. ಎಣ್ಣೆಗೆಂಪು ಎನ್ನುವ ಮಾತು ನೆನಪಿತ್ತು. ಆದರೆ ಕಣ್ಣು ಮುಚ್ಚಿಕೊಂಡರೆ ಬರುತ್ತಿದ್ದದ್ದು ನಾನು ಮಾಡಿದ ಆ ಫೋಟೋವೇ. ಇಷ್ಟು ವರ್ಷ ಸಾವಿರಾರು ಮುಖ ನೋಡಿದವನಿಗೆ ಒಡಹುಟ್ಟಿದವಳ ಮುಖ ಬರಲಿಲ್ಲ. ಅದಕ್ಕೂ ನನಗೆ ದುಃಖವಾಗಲಿಲ್ಲ, ಒಂದು ಫೈಲ್ ಸಿಗದಿದ್ದಾಗ ಆಗುವಷ್ಟು ಬೇಸರವಾಯಿತು ಅಷ್ಟೆ.

ಹತ್ತನೆಯ ದಿನ ಮಧ್ಯಾಹ್ನ ಕೈಚೆಲ್ಲಿದೆ. ಮಾಡಿದ ತಿದ್ದುಪಡಿಗಳಲ್ಲಿ ಕಡಿಮೆ ಕೆಟ್ಟದಾಗಿದ್ದ ಒಂದನ್ನು ಹೊಸ ಪೆನ್ ಡ್ರೈವಿಗೆ ಹಾಕಿಕೊಂಡು ತುಮಕೂರಿಗೆ ಹೊರಟೆ. ಅಮ್ಮ ಒಪ್ಪುವುದಿಲ್ಲ ಎಂದು ಗೊತ್ತಿತ್ತು. ಆದರೂ ಬರಿಗೈಯಲ್ಲಿ ಹೋಗಬಾರದು ಎನ್ನುವುದೊಂದೇ ತಲೆಯಲ್ಲಿತ್ತು.

ನಾವು ಪ್ರಿಂಟ್ ಹಾಕಿಸುವ ಲ್ಯಾಬು ಬಿ.ಎಚ್. ರಸ್ತೆಯಿಂದ ಒಂದು ಅಡ್ಡರಸ್ತೆಯ ಒಳಗಿದೆ. ಅಲ್ಲಿ ಮೆಷಿನ್ ನೋಡಿಕೊಳ್ಳುವವನು ಅನ್ಸರ್. ನನಗೆ ಹಳೆಯ ಸ್ನೇಹಿತ, ಮಾತು ಕಡಿಮೆ, ಬಣ್ಣದ ವಿಷಯದಲ್ಲಿ ನನಗಿಂತ ಒಂದು ಕೈ ಮೇಲು. ಆಗ ಮಧ್ಯಾಹ್ನ ಮೂರು ಗಂಟೆ ಇರಬಹುದು. ಹೊರಗೆ ಬಿಸಿಲು, ಒಳಗೆ ಟ್ಯೂಬ್‌ಲೈಟು, ಕರೆಂಟು ಸರಿಯಾಗಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇಂಥ ಕತೆಗಳಲ್ಲಿ ಕರೆಂಟು ಹೋಗುತ್ತದೆ, ನಾಯಿ ಊಳಿಡುತ್ತದೆ. ನಮ್ಮಲ್ಲಿ ಅಂಥದ್ದೇನೂ ಆಗಲಿಲ್ಲ. ಪಕ್ಕದ ಅಂಗಡಿಯಲ್ಲಿ ಯಾರೋ ಜೆರಾಕ್ಸ್ ಮಾಡಿಸುತ್ತಿದ್ದರು.

ಅನ್ಸರ್ ಫೈಲ್ ತೆರೆದ. ಸ್ಕ್ರೀನಿನ ಮೇಲೆ ನನ್ನ ಸಿಮೆಂಟಿನ ಗಿರಿಜ ಬಂದಳು. ಇಬ್ಬರೂ ನೋಡಿದೆವು.

"ಅಣ್ಣ, ಇದು ಪ್ರಿಂಟಲ್ಲಿ ಇನ್ನೂ ಬೂದಿ ಹೊಡೀತದೆ" ಎಂದ.

"ಹೊಡೀಲಿ, ಹಾಕು" ಎಂದೆ.

ಅವನು ಗುಂಡಿ ಒತ್ತಿದ. ಮೆಷಿನ್ನಿನಲ್ಲಿ ಅದರ ಹಿಂದೆ ಮುಂದೆ ಯಾರದೋ ಗೃಹಪ್ರವೇಶದ ಆಲ್ಬಂ ಹೋಗುತ್ತಿತ್ತು. ಹೋಮದ ಮುಂದೆ ಕೂತವರ ಮೂರು ಪ್ರಿಂಟ್ ಬಂದವು, ನಾಲ್ಕನೆಯದು ನಮ್ಮದು. ಅನ್ಸರ್ ಅದನ್ನು ಅಂಚು ಹಿಡಿದು ತೆಗೆದುಕೊಂಡ. ಅಭ್ಯಾಸದಂತೆ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಮೇಜಿನ ಮೇಲೆ ನನ್ನ ಕಡೆ ತಿರುಗಿಸಿಟ್ಟ.

ಬೂದಿ ಇರಲಿಲ್ಲ. ಒಂದು ಹೆಣ್ಣಿನ ಮುಖ, ಎಣ್ಣೆಗೆಂಪು ಬಣ್ಣದ್ದು. ಕೆನ್ನೆಯ ಮೇಲೆ ಬೆಳಕು ಬಿದ್ದ ಕಡೆ ತಾಮ್ರದ ಹೊಳಪು, ಕತ್ತಿನ ಮಡಿಕೆಯಲ್ಲಿ ಕಂದು, ತುಟಿಯ ಅಂಚಿನಲ್ಲಿ ಸ್ವಲ್ಪ ನೀಲಿ. ಬಲಗಡೆ ಹುಬ್ಬಿನ ಮೇಲೆ ರುಬ್ಬುಗುಂಡಿನ ಗೆರೆ. ಗಲ್ಲದ ಮೇಲೆ ಎರಡು ಗುಳಿ, ಒಂದು ದೊಡ್ಡದು ಒಂದು ಚಿಕ್ಕದು. ಅದೇ ಹಸಿರು ಸೀರೆ, ಅದೇ ಜುಮುಕಿ, ತಲೆ ಅದೇ ಪಕ್ಕಕ್ಕೆ ವಾಲಿತ್ತು.

"ಬೇರೆ ಫೈಲಾ ಇದು?" ಎಂದು ಅನ್ಸರ್ ಕೇಳಿದ. ಪೆನ್ ಡ್ರೈವ್ ತೆರೆದು ನೋಡಿದೆವು. ಒಂದೇ ಫೈಲು. ಸ್ಕ್ರೀನಿನಲ್ಲಿ ಇನ್ನೂ ಸಿಮೆಂಟು ಮುಖವೇ ಇತ್ತು. ಅನ್ಸರ್ ಇನ್ನೊಂದು ಪ್ರಿಂಟ್ ಕೊಟ್ಟ. ಬೂದಿ ಬಂತು. ಮತ್ತೊಂದು ಕೊಟ್ಟ, ಅದೂ ಬೂದಿ. ಮೂರನ್ನೂ ಸಾಲಾಗಿ ಇಟ್ಟುಕೊಂಡು ನೋಡಿದೆವು. ಕೆಮಿಕಲ್ ಹೊಸದಾಗಿ ತುಂಬಿದ್ದೆ, ಮೊದಲನೆಯದು ಸ್ವಲ್ಪ ಗಾಢ ಬಂದಿರಬಹುದು ಎಂದು ಅವನು ಅಂದ. ಅಂದವನೇ ಹುಬ್ಬಿನ ಗೆರೆಯ ಮೇಲೆ ಬೆರಳಿಟ್ಟ. ಕೆಮಿಕಲ್ಲು ಬಣ್ಣ ಹೆಚ್ಚುಕಡಿಮೆ ಮಾಡೀತು, ಗಾಯದ ಗುರುತು ಬರೆಯುವುದಿಲ್ಲ. ಹಿಂದೆ ಮುಂದೆ ಬಂದ ಗೃಹಪ್ರವೇಶದ ಪ್ರಿಂಟುಗಳ ಬಣ್ಣ ಸರಿಯಾಗಿಯೇ ಇತ್ತು.

ನಾನು ಮಸೂರ ತೆಗೆದುಕೊಂಡು ಅವಳ ಕಣ್ಣು ನೋಡಿದೆ. ಇದು ನಮ್ಮ ಕಸುಬಿನವರ ಅಭ್ಯಾಸ, ಯಾರ ಫೋಟೋ ಸಿಕ್ಕಿದರೂ ಕಣ್ಣಿನೊಳಗೆ ಬೆಳಕು ಎಲ್ಲಿಂದ ಬಂದಿದೆ ಎಂದು ನೋಡುತ್ತೇವೆ. ನನ್ನ ಸ್ಟುಡಿಯೋದಲ್ಲಿ ತೆಗೆದ ಎಲ್ಲರ ಕಣ್ಣಿನಲ್ಲೂ ಒಂದು ಬಿಳಿಯ ಚೌಕ ಇರುತ್ತದೆ, ನನ್ನ ದೀಪದ ಪೆಟ್ಟಿಗೆಯದು. ಬೂದಿಯ ಎರಡು ಪ್ರಿಂಟಿನಲ್ಲೂ ಆ ಚೌಕ ಇತ್ತು. ಈ ಪ್ರಿಂಟಿನಲ್ಲಿ ಇರಲಿಲ್ಲ. ಇದರಲ್ಲಿ ಉದ್ದನೆಯ ಒಂದು ಬೆಳಕಿನ ಪಟ್ಟಿಯಿತ್ತು, ಹಗಲು ಹೊತ್ತಿನಲ್ಲಿ ಅರ್ಧ ತೆರೆದ ಬಾಗಿಲಿನ ಎದುರು ಕೂತವರ ಕಣ್ಣಲ್ಲಿ ಕಾಣುವಂಥದ್ದು. ನನ್ನ ಸ್ಟುಡಿಯೋದಲ್ಲಿ ಹಾಗೆ ಬೆಳಕು ಬರುವ ಬಾಗಿಲಿಲ್ಲ. ಮಸೂರವನ್ನು ಅನ್ಸರ್ ಕೈಗೆ ಕೊಟ್ಟೆ. ಅವನೂ ನೋಡಿದ.

"ತಗೊಂಡು ಹೋಗಣ್ಣ. ನನ್ನ ಏನೂ ಕೇಳ್ಬ್ಯಾಡ" ಎಂದ.

ಆಗ ನನಗೆ ಹೇಗನಿಸಿತು ಎಂದು ನೀವು ಕೇಳಬಹುದು. ಹೆದರಿಕೆಯಾಗಲಿಲ್ಲ. ಸಂತೋಷವೂ ಆಗಲಿಲ್ಲ. ಗಾಯದ ಗೆರೆ ನೋಡಿ ಇದು ಅವಳೇ ಎಂದು ತಲೆ ಹೇಳಿತು. ಆದರೆ ಆ ಬಣ್ಣ ಅವಳದೇ ಹೌದೋ ಅಲ್ಲವೋ ಹೇಳಲು ನನ್ನೊಳಗೆ ಯಾವ ಸಾಕ್ಷಿಯೂ ಇರಲಿಲ್ಲ. ಪ್ರಿಂಟನ್ನು ಎರಡು ರಟ್ಟಿನ ನಡುವೆ ಇಟ್ಟು, ದಾರ ಕಟ್ಟಿ, ಕುಣಿಗಲ್ ಬಸ್ಸು ಹತ್ತಿದೆ. ಬಸ್ಸಿನಲ್ಲಿ ನಿದ್ದೆ ಬಂದುಬಿಟ್ಟಿತು.

ಮಾರನೆಯ ಬೆಳಿಗ್ಗೆ ಅಮ್ಮ ಏಳುವ ಮೊದಲೇ ಗೋಡೆಗೆ ಮುಖ ಮಾಡಿದ್ದ ಕಟ್ಟನ್ನು ಬಿಚ್ಚಿ, ಹಳೆಯದನ್ನು ತೆಗೆದು ಇದನ್ನು ಹಾಕಿದೆ. ಮಣೆಯ ಮೇಲೆ ಇಟ್ಟು ಪಕ್ಕಕ್ಕೆ ನಿಂತೆ. ಅಮ್ಮ ಮುಖ ತೊಳೆದುಕೊಂಡು ಬಂದವಳು ಬಾಗಿಲಲ್ಲೇ ನಿಂತಳು. ಹತ್ತಿರ ಬಂದು ಕೂತು, ಸೆರಗಿನಿಂದ ಗಾಜು ಒರೆಸಿದಳು. ಗಲ್ಲದ ಗುಳಿಗಳ ಮೇಲೆ ಬೆರಳು ಆಡಿಸಿದಳು. "ಬಂದ್ಯೇನವ್ವ" ಎಂದಳು. ಆಮೇಲೆ ಅವಳು ಅತ್ತದ್ದು ಇಡೀ ಬೀದಿಗೆ ಕೇಳಿಸಿತು. ಹತ್ತು ದಿನದಿಂದ ಅವಳೂ ಅತ್ತಿರಲಿಲ್ಲ ಎನ್ನುವುದು ನನಗೆ ಆಗ ಗೊತ್ತಾಯಿತು. ಬಂದ ನೆಂಟರೆಲ್ಲ ನೋಡಿ, ಗಿರಿಜನ್ನೇ ತಂದು ಕೂರಿಸಿದಂಗದೆ ಎಂದರು. ಅವಳ ಸ್ಕೂಲಿನ ಹೆಡ್ ಮಿಸ್ಸು ನಿಂತ ಕಡೆಯೇ ಕೈ ಮುಗಿದರು. ಹಾಗಾದರೆ ಬಣ್ಣ ಸರಿಯಿದೆ ಎಂದು ನಾನು ತಿಳಿದುಕೊಂಡೆ.

ಅಮ್ಮ ಎಡೆ ಇಟ್ಟಳು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಕಡಲೆಬೇಳೆ ವಡೆ, ಗಿರಿಜ ಸ್ಕೂಲಿನಿಂದ ಬಂದು ತಿನ್ನುತ್ತಿದ್ದ ಖಾರದ ಪುರಿ. ಎಲ್ಲರೂ ಹೊರಗೆ ಬಂದೆವು. ಬಾಗಿಲು ಮುಂದಕ್ಕೆಳೆದುಕೊಂಡೆವು. ನೆಂಟರು ರಸ್ತೆಯ ಆಚೆ ನೆರಳಿಗೆ ಹೋದರು, ನಾನೂ ಅಮ್ಮನೂ ಮೆಟ್ಟಿಲ ಮೇಲೆ ಕೂತೆವು. ಅಮ್ಮ ನನ್ನ ಕಡೆ ತಿರುಗದೆಯೇ ಕೇಳಿದಳು.

"ಎಲ್ಲಿತ್ಲಾ ಅದು?"

ಮೆಷಿನ್ನು, ಬೂದಿ, ಕಣ್ಣಿನೊಳಗಿನ ಬೆಳಕು, ಇದನ್ನೆಲ್ಲ ಆ ಹೊತ್ತಿನಲ್ಲಿ ಹೇಗೆ ಹೇಳುವುದು? "ಹಳೇ ಡಿಸ್ಕಲ್ಲಿತ್ತು ಕಣಮ್ಮ, ಹುಡುಕ್ದೆ, ಸಿಕ್ತು" ಎಂದುಬಿಟ್ಟೆ.

"ಒಂಬತ್ತು ವರ್ಷ ಮಡಿಕ್ಕೊಂಡಿದ್ಯೇನೋ ಇದ್ನ?" ಎಂದಳು. ಆಮೇಲೆ, "ಅವತ್ತು ಇದ್ನೇ ಕಳ್ಸಿದ್ರೆ ಏನಾಗ್ತಿತ್ತೋ" ಎಂದಳು.

ಬಾಗಿಲು ತೆಗೆದು ಒಳಗೆ ಹೋದೆವು. ಎಡೆ ಇಟ್ಟ ಹಾಗೇ ಇತ್ತು. ಅಮ್ಮನಿಗೆ ಅದರಿಂದ ಬೇಸರವಾದ ಹಾಗೆ ಕಾಣಲಿಲ್ಲ, ಎಲೆ ತೆಗೆದು ಎಲ್ಲರಿಗೂ ಬಡಿಸಿದಳು.

ಇದಾಗಿ ಎರಡು ವರ್ಷ. ನಾನು ಯೋಚಿಸದ ಕಾರಣವಿಲ್ಲ. ಮೂಲ ಫೋಟೋ ಲ್ಯಾಬಿನಲ್ಲಿ ಎಲ್ಲೋ ಉಳಿದಿತ್ತು ಎನ್ನೋಣವೆಂದರೆ, ಅದನ್ನು ನಾನು ಯಾವತ್ತೂ ಲ್ಯಾಬಿಗೆ ಕೊಟ್ಟಿರಲೇ ಇಲ್ಲ, ಆ ಮೆಷಿನ್ನೂ ಆಮೇಲೆ ಬಂದದ್ದು. ನಿದ್ದೆಗೆಟ್ಟ ಕಣ್ಣಿನ ಭ್ರಮೆ ಎನ್ನೋಣವೆಂದರೆ, ಫೋಟೋ ಕುಣಿಗಲ್ಲಿನ ಗೋಡೆಯ ಮೇಲಿದೆ, ಯಾರು ಬೇಕಾದರೂ ನೋಡಬಹುದು. ಚಿಕ್ಕಮ್ಮ ಒಂದು ಪ್ರತಿ ಬೇಕೆಂದಾಗ ಸ್ಕ್ಯಾನ್ ಮಾಡಿ ಕೊಟ್ಟೆ, ಎಲ್ಲ ಫೋಟೋದಂತೆ ಅದೂ ಸರಿಯಾಗಿ ಬಂತು. ಅದರಲ್ಲಿ ವಿಚಿತ್ರವೇನೂ ಆಗಲಿಲ್ಲ. ಸ್ಟುಡಿಯೋ ನಡೆಸುತ್ತಿದ್ದೇನೆ. ಕಲರ್ ಬರಿಸಿ ಎಂದವರಿಗೆ ಬರಿಸಿಯೂ ಕೊಡುತ್ತೇನೆ, ಮೂಲವನ್ನು ಮಾತ್ರ ಅಳಿಸುವುದಿಲ್ಲ. ಅಳು ಇನ್ನೂ ಬಂದಿಲ್ಲ.

ಅಮ್ಮ ನನ್ನ ಮೇಲೆ ಸಿಟ್ಟಾಗಿಲ್ಲ. ಹೋದಾಗಲೆಲ್ಲ ಊಟ ಹಾಕುತ್ತಾಳೆ. ಆದರೆ ಬಂದವರೆದುರು, "ಇವನತ್ರಾನೇ ಇತ್ತು, ಕೊಟ್ಟಿರ್ಲಿಲ್ಲ" ಎಂದು ಒಂದು ಮಾತು ಹೇಳಿಯೇ ಹೇಳುತ್ತಾಳೆ. ಇರಲಿಲ್ಲಮ್ಮ, ಅಳಿಸಿಹಾಕಿದ್ದೆ ಎಂದು ಎಷ್ಟೋ ಸಲ ಬಾಯಿಗೆ ಬಂದಿದೆ. ಹಾಗಾದರೆ ಇದೆಲ್ಲಿಂದ ಬಂತು ಎಂದು ಕೇಳಿದರೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಕಳೆದ ತಿಂಗಳು ಊಟಕ್ಕೆ ಕೂತಾಗ ಅಮ್ಮ ಎದುರಿಗೆ ಬಂದು ಕೂತಳು. "ನಾನೇನೂ ಬೈಯಲ್ಲ ಕಣೋ. ಅವ್ಳುದು ಇನ್ನೂ ಒಂದೆರಡು ಮಡಿಕ್ಕೊಂಡಿದ್ರೆ ಕೊಟ್ಬುಡು. ನಗ್ತಿರೋದು ಒಂದಿದ್ರೆ ಸಾಕು" ಎಂದಳು.

"ನೋಡ್ತೀನಮ್ಮ" ಎಂದೆ.

ಡಿಸ್ಕಿನಲ್ಲಿ ಏನೂ ಇಲ್ಲ, ಅದು ನನಗೆ ಗೊತ್ತು. ಆ ಪೆನ್ ಡ್ರೈವ್ ಈಗ ನನ್ನ ಜೇಬಿನಲ್ಲೇ ಇರುತ್ತದೆ. ತುಮಕೂರಿಗೆ ಹೋದಾಗಲೆಲ್ಲ ಅನ್ಸರ್ ಹತ್ತಿರ ಹೋಗಿ ಅದನ್ನು ಕೊಡುತ್ತೇನೆ. ಅವನೂ ಯಾಕೆ ಎಂದು ಕೇಳುವುದಿಲ್ಲ, ಒಂದು ಪ್ರಿಂಟ್ ಹಾಕುತ್ತಾನೆ. ಮೊನ್ನೆ ಸೋಮವಾರವೂ ಹಾಕಿದ. ಬೂದಿ ಬಂತು.